ಸುತ್ತಿಗೆ ಬೀಳುವ ಮೊದಲು

(ಪುಣೆಯ ಭೋಸರಿಯಲ್ಲಿ, ಗುರುವಾರದ ರಜೆಯ ದಿನ, ಕನ್ನಡಿಗ ಕಾರ್ಮಿಕರು ಮತ್ತು ಅವರ ಮನೆಯವರ ಮುಂದೆ ಆಡಿದ ಮಾತಿನ ಬರಹ ರೂಪ)

ಅಣ್ಣಂದಿರೇ, ಅಕ್ಕಂದಿರೇ, ಎಲ್ಲರಿಗೂ ನಮಸ್ಕಾರ.

ಮೂರನೇ ಮಹಡಿಯ ಸಾರವೆ ಮೇಲೆ, ಅದೇ ಇಲ್ಲಿಯವರ ಪರಾಂಚಿ ಮೇಲೆ, ಯಾರೋ ಒಂದು ಸುತ್ತಿಗೆ ಇಟ್ಟು ಚಹಾಕ್ಕೆ ಇಳಿದಿದ್ದಾರೆ ಅಂದುಕೊಳ್ಳಿ. ತೂಕ ಎರಡು ಕಿಲೋ. ಎತ್ತರ ಹತ್ತು ಮೀಟರ್. ಇನ್ನೊಬ್ಬರ ಕಾಲು ತಾಗಿ ಅದು ಜಾರಿತು. ನೆಲ ಮುಟ್ಟಲು ಅದಕ್ಕೆ ಒಂದೂವರೆ ಸೆಕೆಂಡ್ ಕೂಡ ಬೇಡ. ಕೆಳಗೆ ಬರುವಷ್ಟರಲ್ಲಿ ಅದರ ವೇಗ ಗಂಟೆಗೆ 50 ಕಿ.ಮೀ. ಮೇಲಿದ್ದವರು "ಏ, ಆಚೆ ಸರೀ" ಅಂತ ಕೂಗುತ್ತಾರೆ. ಕೂಗು ಕೇಳಿದ ಕೂಡಲೇ ಕೆಳಗಿದ್ದವರು ಏನು ಮಾಡುತ್ತಾರೆ? ಕತ್ತೆತ್ತಿ ಮೇಲೆ ನೋಡುತ್ತಾರೆ. ತಲೆಗೆ ಬೀಳಬೇಕಿದ್ದ ಪೆಟ್ಟು ಮುಖಕ್ಕೆ ಬೀಳುತ್ತದೆ.

ಕೆಳಗಿದ್ದವರು ಹೆಲ್ಮೆಟ್ ಹಾಕಿದ್ದರು ಅನ್ನೋಣ. ಯುರೋಪಿನಲ್ಲಿ ಕೆಲಸದ ಹೆಲ್ಮೆಟ್ಟಿಗೆ ಇಎನ್ 397 ಅನ್ನುವ ಮಾನದಂಡ ಇದೆ. ಅದರ ಪರೀಕ್ಷೆಯಲ್ಲಿ 5 ಕಿಲೋದ ಭಾರವನ್ನು 1 ಮೀಟರ್ ಎತ್ತರದಿಂದ ಹೆಲ್ಮೆಟ್ ಮೇಲೆ ಬಿಡುತ್ತಾರೆ. ಲೆಕ್ಕ ಹಾಕಿ ನೋಡಿದರೆ ನಮ್ಮ ಸುತ್ತಿಗೆಯ ಪೆಟ್ಟು ಅದರ ನಾಲ್ಕು ಪಟ್ಟು. ಅಂದರೆ ಹೆಲ್ಮೆಟ್ ಇದ್ದರೂ ಜೀವ ಉಳಿಯುತ್ತದೆ ಅಂತ ಯಾರೂ ಮಾತು ಕೊಡಲು ಆಗಲ್ಲ.

ಹೆಲ್ಮೆಟ್ ಬೇಡ ಅಂತ ನಾನು ಹೇಳುತ್ತಿಲ್ಲ. ಅದಿಲ್ಲದೆ ಸೈಟಿನೊಳಗೆ ಕಾಲೇ ಇಡಬೇಡಿ. ಆದರೆ "ಹೆಲ್ಮೆಟ್ ಕೊಟ್ಟಾಯ್ತು, ಇನ್ನು ನಿಮ್ಮ ಹಣೆಬರಹ" ಅನ್ನುವ ಮುಕಾದಮನ ಮಾತನ್ನು ಒಪ್ಪಬೇಡಿ. ಹೆಲ್ಮೆಟ್ ಕೊನೆಯ ತಡೆ. ಅದಕ್ಕೂ ಮೊದಲು ಬೇರೆ ತಡೆಗಳು ಇರಬೇಕು. ಸಾರವೆಯ ಅಂಚಿಗೆ ಪಾದದ ಎತ್ತರಕ್ಕೆ ಒಂದು ಅಡ್ಡಹಲಗೆ ಹೊಡೆದಿದ್ದರೆ ಸುತ್ತಿಗೆ ಉರುಳುತ್ತಲೇ ಇರಲಿಲ್ಲ. ಹಿಡಿಗೆ ಹಗ್ಗ ಕಟ್ಟಿ ಸೊಂಟದ ಪಟ್ಟಿಗೆ ಸಿಕ್ಕಿಸಿದ್ದರೆ ಗಾಳಿಯಲ್ಲಿ ತೂಗಾಡುತ್ತಿತ್ತು. ಕೆಳಗೆ ಬಲೆ ಇದ್ದರೆ ಅದರಲ್ಲಿ ಬೀಳುತ್ತಿತ್ತು. ಜನ ಓಡಾಡುವ ದಾರಿಗೆ ಗಟ್ಟಿ ಹಲಗೆಯ ಚಪ್ಪರ ಹಾಕಿದ್ದರೆ ಅದರ ಮೇಲೆ ಬೀಳುತ್ತಿತ್ತು. ಈ ನಾಲ್ಕೂ ಇಲ್ಲದಿದ್ದಾಗ ಮಾತ್ರ ವಿಷಯ ನಿಮ್ಮ ತಲೆವರೆಗೆ ಬರುತ್ತದೆ.

ಕಾರ್ಖಾನೆಗಳಲ್ಲಿ, ಕಟ್ಟಡದ ಸೈಟುಗಳಲ್ಲಿ ಸುರಕ್ಷತೆ ನೋಡಿಕೊಳ್ಳುವುದೇ ನನ್ನ ಕೆಲಸ. ತಲೆಗೆ, ಮುಖಕ್ಕೆ ಪೆಟ್ಟಾದ ಮೇಲೆ "ಹೇಗಾಯ್ತು" ಅಂತ ಕೇಳುತ್ತಾ ಹಿಂದೆ ಹಿಂದೆ ಹೋದರೆ, ಆ ಕ್ಷಣಕ್ಕಿಂತ ಬಹಳ ಮೊದಲೇ ಅದು ತಯಾರಾಗಿರುತ್ತದೆ. ಯಾರೋ ಮಷೀನಿನ ಗಾರ್ಡ್, ಅಂದರೆ ಕಾಯುವ ಮುಚ್ಚಿಗೆ, ಬಿಚ್ಚಿರುತ್ತಾರೆ. ಯಾರೋ ಸ್ಲ್ಯಾಬ್ ಇವತ್ತೇ ಮುಗಿಯಬೇಕು ಅಂದಿರುತ್ತಾರೆ. ಯಾರೋ ನಾಲ್ಕು ಹಲಗೆಯ ದುಡ್ಡು ಉಳಿಸಿರುತ್ತಾರೆ. ಇವತ್ತು ನಿಮಗೆ ಹೇಳಬೇಕು ಅನ್ನಿಸಿದ್ದು ಇದೇ.

ಮೇಲಿಂದ ವಸ್ತು ಬೀಳುವುದು ಒಂದು. ಮನುಷ್ಯನೇ ಬೀಳುವುದು ಇನ್ನೊಂದು. ವಾಕಡ್, ಪುನಾವಳೆ ಕಡೆ ಎದ್ದಿರುವ ಎತ್ತರದ ಕಟ್ಟಡಗಳಲ್ಲಿ ನಮ್ಮ ಕಲಬುರಗಿ, ಯಾದಗಿರಿ, ವಿಜಯಪುರದ ಎಷ್ಟು ಜನ ಸೆಂಟ್ರಿಂಗ್ ಮಾಡುತ್ತಾರೆ, ಗೌಂಡಿ ಕೆಲಸ ಮಾಡುತ್ತಾರೆ ನಿಮಗೇ ಗೊತ್ತು. ಬೀಳುವಾಗ ಗದ್ದದ ಪಟ್ಟಿ ಬಿಗಿದಿಲ್ಲದಿದ್ದರೆ, ತಲೆ ನೆಲ ಮುಟ್ಟುವ ಮೊದಲೇ ಹೆಲ್ಮೆಟ್ ಹಾರಿಹೋಗಿರುತ್ತದೆ. ಪಟ್ಟಿ ಕಟ್ಟದೆ ಹಾಕಿದ ಹೆಲ್ಮೆಟ್ ಬೀಳುವವರಿಗೆ ಉಪಯೋಗಕ್ಕೆ ಬರಲ್ಲ. ಹತ್ತು ಮಹಡಿಯಿಂದ ಬಿದ್ದರೆ ಮಾತ್ರ ಅಪಾಯ ಅಂತಲೂ ಅಂದುಕೊಳ್ಳಬೇಡಿ. ಏಣಿಯ ಆರನೇ ಮೆಟ್ಟಿಲಿಂದ ಹಿಂದಕ್ಕೆ ಬಿದ್ದು, ತಲೆಯ ಹಿಂಭಾಗ ಕಾಂಕ್ರೀಟಿಗೆ ಬಡಿದರೂ ಸಾಕು.

ಹೆಲ್ಮೆಟ್ಟಿನ ಒಳಗೆ ಪಟ್ಟಿಗಳ ಒಂದು ತೊಟ್ಟಿಲು ಇರುತ್ತದೆ. ಆ ಪಟ್ಟಿಗೂ ಮೇಲಿನ ಚಿಪ್ಪಿಗೂ ನಡುವೆ ಇರುವ ಖಾಲಿ ಜಾಗವೇ ನಿಮ್ಮನ್ನು ಕಾಯುವುದು. ಪೆಟ್ಟು ಬಿದ್ದಾಗ ಪಟ್ಟಿ ಹಿಗ್ಗುತ್ತದೆ, ಚಿಪ್ಪು ತಗ್ಗುತ್ತದೆ, ತಲೆಬುರುಡೆಗೆ ನೇರ ಹೊಡೆತ ತಾಗಲ್ಲ. ಆ ಜಾಗದಲ್ಲಿ ತಂಬಾಕಿನ ಪುಡಿ, ಬೀಡಿ ಕಟ್ಟು, ಮೊಬೈಲ್ ಇಡುವವರನ್ನು ದಿನಾ ನೋಡುತ್ತೇನೆ. ದಯವಿಟ್ಟು ಇಡಬೇಡಿ. ಒಮ್ಮೆ ಜೋರು ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಬದಲಾಯಿಸಲೇಬೇಕು. ವರ್ಷಗಟ್ಟಲೆ ಬಿಸಿಲಲ್ಲಿ ಒಣಗಿದ ಪ್ಲಾಸ್ಟಿಕ್ ಪೆಡಸಾಗುತ್ತದೆ. ಗಾಳಿ ಆಡಲಿ ಅಂತ ತೂತು ಕೊರೆಯುವುದು, ಪೇಂಟ್ ಹಚ್ಚುವುದು, ಥಿನ್ನರ್ ಹಾಕಿ ಒರೆಸುವುದು, ಇವೂ ಅದನ್ನು ಕೆಡಿಸುತ್ತವೆ.

ಇನ್ನೊಂದು. ಸೈಟಿನ ಹಳದಿ ಹೆಲ್ಮೆಟ್ಟನ್ನೇ ಹಾಕಿಕೊಂಡು ಬೈಕ್ ಓಡಿಸುವವರು ಪುಣೆಯಲ್ಲಿ ಬಹಳ. ಕೆಲಸದ ಹೆಲ್ಮೆಟ್ಟಿಗೆ ನಮ್ಮ ದೇಶದ ಮಾನದಂಡ ಐಎಸ್ 2925. ಬೈಕಿನದಕ್ಕೆ ಐಎಸ್ 4151. ಒಂದು ಮೇಲಿಂದ ಬೀಳುವ ವಸ್ತುವಿಗೆ ಮಾಡಿದ್ದು. ಇನ್ನೊಂದರ ಒಳಗೆ ಪೂರ್ತಿ ದಪ್ಪ ಥರ್ಮಾಕೋಲಿನಂಥ ಪದರ ಇರುತ್ತದೆ, ರಸ್ತೆಗೆ ತಲೆ ಬಡಿದಾಗ ಅದು ಕುಸಿದು ಪೆಟ್ಟು ಕುಡಿಯುತ್ತದೆ. ಪೊಲೀಸರ ದಂಡ ತಪ್ಪಿಸಿಕೊಳ್ಳಲು ಸೈಟಿನದನ್ನು ಹಾಕಿದರೆ ತಲೆ ಉಳಿಯಲ್ಲ.

ಈಗ ಅಕ್ಕಂದಿರ ವಿಷಯಕ್ಕೆ ಬರುತ್ತೇನೆ. ಇದು ನನಗೆ ಬಹಳ ನೋವಿನ ವಿಷಯ. ಸೈಟಿನಲ್ಲಿ ತಲೆ ಮೇಲೆ ಸಿಂಬಿ ಇಟ್ಟು ಮರಳು, ಇಟ್ಟಿಗೆ, ಕಾಂಕ್ರೀಟ್ ಹೊರುವವರು ಹೆಚ್ಚಾಗಿ ಹೆಂಗಸರು. ಸಿಂಬಿ ಇದ್ದಲ್ಲಿ ಹೆಲ್ಮೆಟ್ ಕೂರಲ್ಲ. ಹಾಗಾಗಿ ಸಾರವೆಯ ಬುಡದಲ್ಲಿ ದಿನವಿಡೀ ನಡೆದಾಡುವವರ ತಲೆಯೇ ಬರಿದಾಗಿರುತ್ತದೆ. ಬುಟ್ಟಿ ಇಳಿಸಿ ವಾಪಸ್ ಬರುವಾಗಂತೂ ತಲೆ ಮೇಲೆ ಬಟ್ಟೆ ಬಿಟ್ಟು ಏನೂ ಇರಲ್ಲ. ಮೇಲಿಂದ ಒಂದು ಇಟ್ಟಿಗೆ ಚೂರು ಬಿದ್ದರೆ ಅವರಿಗೇ. "ಅವರು ಹೆಲ್ಮೆಟ್ ಹಾಕಲ್ಲ ಸಾಹೇಬ್ರೇ" ಅಂತ ಅವರ ಮೇಲೆಯೇ ತಪ್ಪು ಹೊರಿಸುತ್ತಾರೆ. ಹೊರೆ ತಲೆ ಮೇಲೆ ಬೇಡ, ಕೈಗಾಡಿಯಲ್ಲಿ ಹೋಗಲಿ, ಲಿಫ್ಟಿನಲ್ಲಿ ಏರಲಿ ಅಂತ ವ್ಯವಸ್ಥೆ ಮಾಡಿದರೆ ಹೆಲ್ಮೆಟ್ ತಾನಾಗೇ ತಲೆಗೆ ಕೂರುತ್ತದೆ. ಅದಾಗುವವರೆಗೆ ಅವರ ದಾರಿ ಸಾರವೆಯಿಂದ ದೂರ ಇರಬೇಕು. ಇದನ್ನು ಕೇಳುವ ಹಕ್ಕು ನಿಮಗಿದೆ, ಅಕ್ಕ. ಒಬ್ಬರೇ ಕೇಳಲು ಹೆದರಿಕೆಯಾದರೆ ಹತ್ತು ಜನ ಸೇರಿ ಕೇಳಿ.

ಕಾರ್ಖಾನೆಯ ಕಡೆ ಬರೋಣ. ಇಲ್ಲಿ ಕುಳಿತವರಲ್ಲಿ ಅರ್ಧ ಜನ ಭೋಸರಿ, ಚಾಕಣ ಎಂಐಡಿಸಿಯ, ಅಂದರೆ ಸರ್ಕಾರಿ ಕೈಗಾರಿಕಾ ಪ್ರದೇಶದ, ಸಣ್ಣ ವರ್ಕ್‌ಶಾಪಿನವರು. ನಿಮ್ಮ ಮುಖಕ್ಕೆ ಅತಿ ಹತ್ತಿರದ ಅಪಾಯ ಅಂದರೆ ಕೈಯಲ್ಲಿ ಹಿಡಿಯುವ ಗ್ರೈಂಡರ್. ನಾಲ್ಕು ಇಂಚಿನ ಮಷೀನು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಚಕ್ರದ ಅಂಚಿನ ವೇಗ ಗಂಟೆಗೆ 200 ಕಿ.ಮೀ. ದಾಟುತ್ತದೆ. ಚಕ್ರ ಒಡೆದರೆ ಚೂರು ಆ ವೇಗದಲ್ಲಿ ಬರುತ್ತದೆ. ನಿಮ್ಮ ಮುಖ ಅಲ್ಲಿಂದ ಒಂದೂವರೆ ಅಡಿ ದೂರದಲ್ಲಿರುತ್ತದೆ. ಕಣ್ಣು ಮಿಟುಕಿಸಲೂ ಸಮಯ ಸಿಗಲ್ಲ.

ಅದು ಯಾಕೆ ಒಡೆಯುತ್ತದೆ? ದೊಡ್ಡ ಚಕ್ರ ಹಾಕಲು ಗಾರ್ಡ್ ಬಿಚ್ಚಿದ್ದರಿಂದ. ಏಳು ಇಂಚಿನ ಚಕ್ರವನ್ನು ಸಾಮಾನ್ಯವಾಗಿ 8,500 ಸುತ್ತಿನ ಆಸುಪಾಸಿಗೆ ಮಾಡಿರುತ್ತಾರೆ. ಅದನ್ನು 11,000 ಸುತ್ತಿನ ಮಷೀನಿಗೆ ಸಿಕ್ಕಿಸಿದರೆ ಅದು ತಾಳಲ್ಲ. ಚಕ್ರದ ಮೇಲೆ ಬರೆದ ಸುತ್ತಿನ ಅಂಕಿ ಮಷೀನಿನ ಅಂಕಿಗಿಂತ ಕಡಿಮೆ ಇರಲೇಬಾರದು. ಇಷ್ಟು ಓದಲು ಇಂಗ್ಲಿಷ್ ಬೇಕಿಲ್ಲ, ಎರಡು ಅಂಕಿ ಹೋಲಿಸಿದರೆ ಆಯ್ತು. ಇನ್ನು ಕತ್ತರಿಸುವ ತೆಳು ಚಕ್ರವನ್ನು ಅಡ್ಡ ಹಿಡಿದು ಉಜ್ಜುವುದು. ಅದಕ್ಕೆ ಪಕ್ಕದ ಒತ್ತಡ ತಡೆಯುವ ಶಕ್ತಿ ಇಲ್ಲ. ಮಳೆಗಾಲದಲ್ಲಿ ತೇವ ಹೀರಿದ ಚಕ್ರ, ಕೆಳಗೆ ಬಿದ್ದು ಕಣ್ಣಿಗೆ ಕಾಣದ ಬಿರುಕು ಬಿಟ್ಟ ಚಕ್ರ, ಅವಧಿ ಮುಗಿದ ಚಕ್ರ. ಹೌದು, ಚಕ್ರಕ್ಕೂ ಅವಧಿ ಇದೆ. ರಾಳದ ಅಂಟಿನಿಂದ ಮಾಡಿದ ಚಕ್ರಗಳಿಗೆ ತಯಾರಾದ ದಿನದಿಂದ ಮೂರು ವರ್ಷ. ಒಳ್ಳೆಯ ಚಕ್ರದ ನಡುವಿನ ಲೋಹದ ಬಳೆ ಮೇಲೆ ತಿಂಗಳು, ವರ್ಷ ಅಚ್ಚಾಗಿರುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು, ಮರ ಕೊಯ್ಯುವ ಹಲ್ಲಿನ ಬ್ಲೇಡನ್ನು ಗ್ರೈಂಡರಿಗೆ ಹಾಕುವುದು. ಹಲ್ಲು ಮರಕ್ಕೆ ಕಚ್ಚಿಕೊಂಡ ಕೂಡಲೇ ಇಡೀ ಮಷೀನು ಹಿಂದಕ್ಕೆ ಎಗರುತ್ತದೆ. ಎಗರುವುದು ಮುಖಕ್ಕೆ, ಕುತ್ತಿಗೆಗೆ. ಫರ್ನಿಚರ್ ಕೆಲಸದ ಹುಡುಗರು ಇದನ್ನು ಮಾಡುವುದನ್ನು ನೋಡಿದರೆ ಅಲ್ಲೇ ತಡೆಯಿರಿ. ಬೈದರೂ ಪರವಾಗಿಲ್ಲ.

ಗ್ರೈಂಡರ್ ಹಿಡಿದಾಗ ಕಣ್ಣಿಗೆ ಬಿಗಿಯಾಗಿ ಕೂರುವ ಗಾಗಲ್, ಅದರ ಮೇಲೆ ಮುಖದ ಶೀಲ್ಡ್, ಎರಡೂ ಬೇಕು. ಬರೀ ಶೀಲ್ಡ್ ಇದ್ದರೆ ಕೆಳಗಿನಿಂದ ಕಿಡಿ ನುಗ್ಗುತ್ತದೆ. ನಂಬರಿನ ಕನ್ನಡಕ ಲೆಕ್ಕಕ್ಕಿಲ್ಲ. ಸಿಡಿಯುವ ಚೂರಿನಿಂದ ಕಣ್ಣಿಗೆ ಅಪಾಯ ಇರುವ ಕೆಲಸದಲ್ಲಿ ಪರದೆ ಅಥವಾ ಕನ್ನಡಕ ಕೊಡಬೇಕು ಅನ್ನುವುದು 1948ರ ಕಾರ್ಖಾನೆ ಕಾಯ್ದೆಯ 35ನೇ ಕಲಮಿನಲ್ಲೇ ಇತ್ತು. ಅದೂ ಸೇರಿ ಹಳೆಯ 13 ಕಾಯ್ದೆಗಳನ್ನು ಕೆಲಸದ ಜಾಗದ ಸುರಕ್ಷತೆಯ 2020ರ ಸಂಹಿತೆ ಒಂದು ಮಾಡಿದೆ. ಇವುಗಳ ದುಡ್ಡನ್ನು ನಿಮ್ಮ ಪಗಾರದಲ್ಲಿ ಹಿಡಿಯುವಂತಿಲ್ಲ.

ಲೇಥ್ ಮೇಲೆ ಇರುವವರಿಗೆ ಒಂದೇ ಮಾತು. ಚಕ್ಕು, ಅಂದರೆ ತಿರುಗುವ ತುಂಡನ್ನು ಹಿಡಿದಿಡುವ ಭಾಗ. ಅದರ ಚಾವಿಯಿಂದ ಕೈ ತೆಗೆಯುವುದು ಚಾವಿ ಹೊರಗೆ ಬಂದ ಮೇಲೆಯೇ. ಚಾವಿಯನ್ನು ಅಲ್ಲೇ ಮರೆತು ಸ್ವಿಚ್ ಒತ್ತಿದರೆ ಚಾವಿ ಹಾರಿ ಮುಖಕ್ಕೆ ಬಡಿಯುತ್ತದೆ. ಸ್ಪ್ರಿಂಗ್ ಇರುವ ಚಾವಿ ಸಿಗುತ್ತದೆ, ಕೈಬಿಟ್ಟರೆ ತಾನಾಗೇ ಹೊರಗೆ ಬರುತ್ತದೆ. ಮಾಲೀಕರಿಗೆ ಅದೇನು ದೊಡ್ಡ ಖರ್ಚಲ್ಲ.

ಉಳಿ, ಚಾಣ ಹೊಡೆಯುವವರು ಅದರ ತಲೆ ನೋಡಿ. ಹೊಡೆದು ಹೊಡೆದು ಅದು ಅಣಬೆಯ ಹಾಗೆ ಅಗಲವಾಗಿ ಅಂಚು ಸೀಳಿದ್ದರೆ ಅದನ್ನು ಮೊದಲು ಉಜ್ಜಿ ಸರಿಮಾಡಿ. ಆ ಅಂಚಿನಿಂದ ಸಿಡಿದ ಸಾಸಿವೆಯಷ್ಟು ಉಕ್ಕಿನ ಚೂರು ಕಣ್ಣಿನ ಒಳಗೇ ಹೊಕ್ಕುಬಿಡುತ್ತದೆ. ಕೆಲವೊಮ್ಮೆ ಆಗ ನೋವೇ ಗೊತ್ತಾಗಲ್ಲ, ಸುಮ್ನೆ ಚುಚ್ಚಿದ ಹಾಗೆ ಅನ್ನಿಸುತ್ತದೆ. ಉಕ್ಕಿನ ಮೇಲೆ ಉಕ್ಕು ಬಡಿಯುವಾಗ ಕಣ್ಣಿಗೆ ಏನಾದರೂ ತಾಗಿದರೆ ಅದೇ ದಿನ ಕಣ್ಣಿನ ಡಾಕ್ಟರಿಗೆ ತೋರಿಸಿ. "ಕಬ್ಬಿಣ ಬಡಿಯುತ್ತಿದ್ದೆ" ಅಂತ ಹೇಳುವುದನ್ನು ಮರೆಯಬೇಡಿ. ಮುಂದೆ ಯಾವತ್ತಾದರೂ ಎಂಆರ್‌ಐ ಮಾಡಿಸುವಾಗಲೂ ಹೇಳಬೇಕು. ಅದರ ಅಯಸ್ಕಾಂತಕ್ಕೆ ಕಣ್ಣಿನೊಳಗಿನ ಕಬ್ಬಿಣ ಕದಲುತ್ತದೆ.

ಚಾಕಣ–ತಳೇಗಾಂವ್ ರಸ್ತೆಯ ಲಾರಿ ಟಾಯರ್ ಅಂಗಡಿಗಳಲ್ಲಿ ನಮ್ಮ ಹುಡುಗರು ಇದ್ದಾರೆ. ರಿಂಗ್ ಇರುವ ಹಳೆಯ ಮಾದರಿಯ ಚಕ್ರಕ್ಕೆ ಗಾಳಿ ತುಂಬುವಾಗ ಆ ಲಾಕ್ ರಿಂಗ್ ಸರಿಯಾಗಿ ಕೂರದಿದ್ದರೆ ಗುಂಡಿನಂತೆ ಹಾರುತ್ತದೆ. ಒಳಗೆ 100 ಪಿಎಸ್‌ಐ ಮೇಲಿನ ಒತ್ತಡ. ಇದರಲ್ಲಿ ಬದುಕುವುದು ಕಷ್ಟ. ಕಬ್ಬಿಣದ ಪಂಜರದೊಳಗೆ ಚಕ್ರ ಇಟ್ಟು, ಉದ್ದದ ಪೈಪಿನಿಂದ, ಪಕ್ಕಕ್ಕೆ ನಿಂತು ಗಾಳಿ ತುಂಬಬೇಕು. ಚಕ್ರದ ಎದುರು ಬಗ್ಗಿ ಸುತ್ತಿಗೆಯಿಂದ ರಿಂಗ್ ತಟ್ಟುವುದನ್ನು ಇವತ್ತಿನಿಂದಲೇ ಬಿಡಿ.

ಹೋಟೆಲ್ ಕೆಲಸದವರೂ ಬಂದಿದ್ದೀರಿ. ಕುಕ್ಕರಿನ ಒತ್ತಡ ಇಳಿಯುವ ಮೊದಲು ಮುಚ್ಚಳ ಎಳೆಯುವುದು, ಒದ್ದೆ ಪಾತ್ರೆಯನ್ನು ಕಾದ ಎಣ್ಣೆಯ ಹತ್ತಿರ ತರುವುದು, ಎಣ್ಣೆ ಬಿದ್ದ ನೆಲ, ಮಾಳಿಗೆಯ ತಗ್ಗು ತೊಲೆ. ನಿಮ್ಮ ಮುಖ, ತಲೆಗೆ ಪೆಟ್ಟಾಗುವುದು ಇವುಗಳಿಂದಲೇ. ಗಿರಣಿಯಲ್ಲಿ, ಬೆಲ್ಟ್ ತಿರುಗುವ ಮಷೀನಿನ ಹತ್ತಿರ ಕೆಲಸ ಮಾಡುವ ಅಕ್ಕಂದಿರು ಜಡೆ ಮೇಲೆ ಕಟ್ಟಿ, ಸೆರಗು, ಓಡಣಿ ಒಳಗೆ ಸೇರಿಸಿ, ಮೇಲೆ ಟೊಪ್ಪಿಗೆ ಹಾಕಿ. ಕೂದಲು ಸಿಕ್ಕಿದರೆ ಹುಬ್ಬಿನಿಂದ ಕುತ್ತಿಗೆವರೆಗೆ ನೆತ್ತಿಯ ಚರ್ಮವೇ ಕಿತ್ತು ಬರುತ್ತದೆ. ಹಾಗಾದರೆ ಆ ಚರ್ಮವನ್ನು ಎಸೆಯಬೇಡಿ. ಒದ್ದೆ ಮಾಡಿ ಹಿಂಡಿದ ಸ್ವಚ್ಛ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಆ ಚೀಲವನ್ನು ಮಂಜುಗಡ್ಡೆ ಮೇಲಿಟ್ಟು ತನ್ನಿ. ಮಂಜುಗಡ್ಡೆ ನೇರವಾಗಿ ತಾಗಬಾರದು. ಬೇಗ ತಂದರೆ ಮತ್ತೆ ಜೋಡಿಸುವ ಸಾಧ್ಯತೆ ಇರುತ್ತದೆ. ಮಷೀನಿನ ಬೆಲ್ಟಿಗೆ ಮುಚ್ಚಿಗೆ ಇದ್ದರೆ ಇದಾವುದೂ ಬೇಕಿಲ್ಲ, ಅಲ್ವಾ?

ಈಗ ಪೆಟ್ಟು ಬಿದ್ದ ಮೇಲಿನ ಮಾತು. ಇದನ್ನು ಸ್ವಲ್ಪ ಗಮನ ಇಟ್ಟು ಕೇಳಿ.

ಕಿವಿಯ ಮುಂದೆ, ಕಣಪಟ್ಟಿಯ ಹತ್ತಿರ ತಲೆಬುರುಡೆ ಬಹಳ ತೆಳು. ಅದರ ಒಳಗೇ ಒಂದು ರಕ್ತನಾಳ ಹಾದುಹೋಗುತ್ತದೆ. ಅಲ್ಲಿ ಪೆಟ್ಟು ಬಿದ್ದು ಎಲುಬು ಬಿರಿದರೆ ನಾಳ ಹರಿಯಬಹುದು. ಪೆಟ್ಟು ಬಿದ್ದವನು ಒಂದು ನಿಮಿಷ ಎಚ್ಚರ ತಪ್ಪುತ್ತಾನೆ, ಏಳುತ್ತಾನೆ, ನೀರು ಕುಡಿದು "ಏನೂ ಆಗಿಲ್ಲ ಬಿಡ್ರಿ" ಅನ್ನುತ್ತಾನೆ. ಒಂದೆರಡು ತಾಸು, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಹೊತ್ತು ಚೆನ್ನಾಗಿಯೇ ಇರುತ್ತಾನೆ. ಒಳಗೆ ರಕ್ತ ತುಂಬಿ ಮೆದುಳನ್ನು ಒತ್ತುತ್ತಿರುತ್ತದೆ. ಹಾಜರಿ ಹೋಗಬಾರದು ಅಂತ ಸಂಜೆವರೆಗೆ ದುಡಿಯುತ್ತಾನೆ. ಖೋಲಿಗೆ ಹೋಗಿ ಮಲಗುತ್ತಾನೆ. ಸುಸ್ತಾಗಿದೆ, ಮಲಗಲಿ ಅಂತ ಜೊತೆಯವರು ಬಿಡುತ್ತಾರೆ. ಬೆಳಿಗ್ಗೆ ಏಳುವುದಿಲ್ಲ. ಆಪರೇಷನ್ ಮಾಡಿ ರಕ್ತ ತೆಗೆದಿದ್ದರೆ ಬದುಕಬಹುದಿದ್ದ ಸಾವು ಇದು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ತಲೆಗೆ ಪೆಟ್ಟಾಗಿ ಒಂದು ಕ್ಷಣ ಎಚ್ಚರ ತಪ್ಪಿದರೂ ಆಸ್ಪತ್ರೆಗೆ ಹೋಗಬೇಕು. ಮತ್ತೆ ಮತ್ತೆ ವಾಂತಿ, ಏರುತ್ತಾ ಹೋಗುವ ತಲೆನೋವು, ಮಂಪರು, ತೊದಲು ಮಾತು, ಒಂದು ಕೈ ಅಥವಾ ಕಾಲು ಸೋಲುವುದು, ಫಿಟ್ಸ್, ಎರಡು ಕಣ್ಣಿನ ಪಾಪೆ ಒಂದೇ ಅಳತೆ ಇಲ್ಲದಿರುವುದು, ಮೂಗು ಅಥವಾ ಕಿವಿಯಿಂದ ನೀರಿನಂಥದ್ದು ಅಥವಾ ರಕ್ತ ಸೋರುವುದು. ಇದರಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ. ಬಿದ್ದವರನ್ನು ಎಬ್ಬಿಸಿ ಕೂರಿಸಬೇಡಿ, ಕತ್ತು ತಿರುಗಿಸಬೇಡಿ. ಅಪಾಯದ ಜಾಗ ಅಲ್ಲದಿದ್ದರೆ ಅಲ್ಲೇ ಇರಲಿ, ಒಬ್ಬರು ತಲೆ ಅಲ್ಲಾಡದಂತೆ ಹಿಡಿದುಕೊಳ್ಳಿ. ನೆತ್ತಿಯಿಂದ ರಕ್ತ ಬಹಳ ಹರಿಯುತ್ತದೆ, ಗಾಬರಿ ಬೇಡ. ಸ್ವಚ್ಛ ಬಟ್ಟೆ ಇಟ್ಟು ಒತ್ತಿ. ಎಲುಬು ತಗ್ಗಾಗಿದ್ದರೆ ಮಾತ್ರ ಅದರ ಮೇಲೆ ಒತ್ತಬೇಡಿ. ಅರಿಶಿನ, ಕಾಫಿ ಪುಡಿ, ಹೊಗೆಸೊಪ್ಪು, ಸುಣ್ಣ ಯಾವುದೂ ಬೇಡ. ನೋವಿಗೆ ಅಂತ ಸಾರಾಯಿ ಕುಡಿಸಬೇಡಿ. ಅಮಲು ಯಾವುದು, ಮೆದುಳಿನ ಮಂಪರು ಯಾವುದು ಅಂತ ಆಮೇಲೆ ಡಾಕ್ಟರಿಗೂ ಗೊತ್ತಾಗಲ್ಲ.

ಆಸ್ಪತ್ರೆಯಲ್ಲಿ ನಮ್ಮವರಿಗೆ ಇನ್ನೊಂದು ತೊಡಕು ಇದೆ. ತಲೆ ಪೆಟ್ಟಿನವರಿಗೆ ಎಚ್ಚರ ಎಷ್ಟಿದೆ ಅಂತ ಅಳೆಯಲು ಡಾಕ್ಟರು ಜಿಸಿಎಸ್ ಅಂತ ಒಂದು ಅಂಕ ಹಾಕುತ್ತಾರೆ. 1974ರಲ್ಲಿ ಗ್ಲಾಸ್ಗೋ ನಗರದ ಇಬ್ಬರು ವೈದ್ಯರು ಮಾಡಿದ ಪದ್ಧತಿ. ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಕೈಕಾಲು ಆಡಿಸುವುದಕ್ಕೆ 6, ಒಟ್ಟು 15. ಎಂಟಕ್ಕಿಂತ ಮೇಲೆ ಹೋಗದಿದ್ದರೆ ಪೆಟ್ಟು ಬಹಳ ಜೋರು ಅಂತ ಅರ್ಥ. ಮಾತಿನ ಅಂಕ ಹಾಕಲು ಹೆಸರೇನು, ಎಲ್ಲಿದ್ದೀಯಾ, ಇವತ್ತು ಯಾವ ದಿನ ಅಂತ ಕೇಳುತ್ತಾರೆ. ಇಲ್ಲಿ ಅದನ್ನು ಮರಾಠಿಯಲ್ಲೋ ಹಿಂದಿಯಲ್ಲೋ ಕೇಳುತ್ತಾರೆ. ಊರಿಂದ ಮೊನ್ನೆ ಬಂದ ಹುಡುಗ ಕನ್ನಡ ಬಿಟ್ಟು ಬೇರೆ ಅರಿಯ. ಅವನು ಸರಿಯಾಗಿ ಮಾತಾಡುತ್ತಿದ್ದರೂ ಗಲಿಬಿಲಿ ಅನ್ನಿಸಬಹುದು. ನಿಜವಾಗಿ ಏನೇನೋ ಬಡಬಡಿಸುತ್ತಿದ್ದರೂ ಅದು ಕನ್ನಡ ಅಂದುಕೊಂಡು ಬಿಡಬಹುದು. ಎರಡೂ ಅಪಾಯ. ಹಾಗಾಗಿ ಎರಡೂ ಭಾಷೆ ಬರುವ ಒಬ್ಬರು ಜೊತೆಗೆ ಹೋಗಲೇಬೇಕು. ಅವನು ಹೇಳಿದ್ದು ಸರಿಯೋ ತಪ್ಪೋ, ಬೆಳಿಗ್ಗೆಯಿಂದ ಹೀಗೇ ಇದ್ದಾನೋ ಅಂತ ಡಾಕ್ಟರಿಗೆ ಹೇಳಬೇಕು. ಎಷ್ಟು ಎತ್ತರದಿಂದ ಬಿದ್ದ, ಎಷ್ಟು ಹೊತ್ತು ಎಚ್ಚರ ಇರಲಿಲ್ಲ, ಕುಡಿದಿದ್ದನೋ, ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಾನೋ, ಇದನ್ನೂ ಹೇಳಬೇಕು. ಮನೆಗೆ ಕಳಿಸಿದರೂ ಮೊದಲ 24 ಗಂಟೆ ಅವನ ಜೊತೆ ಯಾರಾದರೂ ಇರಬೇಕು. ವಯಸ್ಸಾದವರಾದರೆ ಮೂರ್ನಾಲ್ಕು ವಾರ ಕಣ್ಣಿಟ್ಟಿರಿ. ಅವರಲ್ಲಿ ರಕ್ತ ನಿಧಾನವಾಗಿ ಸೇರುವುದುಂಟು.

ಮುಖದ ಪೆಟ್ಟಿಗೆ ಬರುತ್ತೇನೆ. ಬಾಯಿ ಮುಚ್ಚಿದಾಗ ಹಲ್ಲು ಮೊದಲಿನಂತೆ ಕೂರದಿದ್ದರೆ ದವಡೆ ಮುರಿದಿರಬಹುದು. ಒಂದು ವಸ್ತು ಎರಡಾಗಿ ಕಂಡರೆ, ಕೆನ್ನೆ ಜೋಮು ಹಿಡಿದರೆ, ಕಣ್ಣಿನ ಗೂಡಿನ ಎಲುಬಿಗೆ ಪೆಟ್ಟಾಗಿರಬಹುದು. ಹಲ್ಲು ಬೇರು ಸಮೇತ ಬಿದ್ದರೆ ಬೇರು ಮುಟ್ಟದೆ, ಉಜ್ಜದೆ, ಹಾಲಿನಲ್ಲಿ ಹಾಕಿ ಅರ್ಧ ಗಂಟೆಯೊಳಗೆ ಹಲ್ಲಿನ ಡಾಕ್ಟರ ಹತ್ತಿರ ಒಯ್ಯಿರಿ. ಕಣ್ಣಿಗೆ ಸುಣ್ಣ, ಸಿಮೆಂಟು ಬಿದ್ದರೆ ಒಂದು ನಿಮಿಷವೂ ಕಾಯಬೇಡಿ. ಇವು ಆಸಿಡ್‌ಗಿಂತ ಆಳಕ್ಕೆ ಇಳಿದು ಸುಡುತ್ತವೆ. ರೆಪ್ಪೆ ಬಿಡಿಸಿ ಹಿಡಿದು ಸ್ವಚ್ಛ ನೀರು ಕನಿಷ್ಠ 20 ನಿಮಿಷ ಹರಿಸಿ, ಆಮೇಲೆ ಆಸ್ಪತ್ರೆ. ಏನಾದರೂ ಚುಚ್ಚಿಕೊಂಡಿದ್ದರೆ ಕೀಳಬೇಡಿ, ಒತ್ತಬೇಡಿ. ಕಾಗದದ ಲೋಟ ಮುಚ್ಚಿ ಕರೆದೊಯ್ಯಿರಿ. ಬೆಂಕಿಕಡ್ಡಿಯ ತುದಿಯಿಂದ, ಸೆರಗಿನ ಮೂಲೆಯಿಂದ ಕಣ್ಣಿನ ಕಸ ತೆಗೆಯುವ ಗೆಳೆಯರು ಎಲ್ಲ ಶಾಪಿನಲ್ಲೂ ಇರುತ್ತಾರೆ. ಅವರ ಮನಸ್ಸು ಒಳ್ಳೆಯದು, ಆದರೆ ಕಪ್ಪು ಗುಡ್ಡೆಯ ಮೇಲೆ ಒಂದು ಗೀರು ಬಿದ್ದರೆ ಹುಣ್ಣಾಗಿ ದೃಷ್ಟಿಯೇ ಹೋಗಬಹುದು.

ಕೊನೆಗೆ ಒಬ್ಬ ಅಣ್ಣ ಕೇಳಿದರು: "ಪೆಟ್ಟಾದ ಮೇಲೆ ಠೇಕೇದಾರ ನಮ್ಮನ್ನು ಗುರುತೇ ಇಲ್ಲ ಅಂದರೆ?"

ಅದಕ್ಕೆ ತಯಾರಿ ಮೊದಲೇ ಆಗಬೇಕು. ಕಟ್ಟಡ ಕೆಲಸದವರು 18ರಿಂದ 60 ವಯಸ್ಸಿನೊಳಗಿದ್ದು, ಹಿಂದಿನ ವರ್ಷದಲ್ಲಿ 90 ದಿನ ದುಡಿದಿದ್ದರೆ ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ಹೆಸರು ಬರೆಸಬಹುದು. ಇಲ್ಲಿ ದುಡಿಯುವವರು ಮಹಾರಾಷ್ಟ್ರದ ಮಂಡಳಿಯಲ್ಲಿ ಬರೆಸಿ. ಕಾರ್ಖಾನೆಯಲ್ಲಿ ದುಡಿಯುವವರು ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆಯ, ನಂಬರ್ ಕೇಳಿ ತಗೊಳ್ಳಿ. ಅದಿದ್ದರೆ ಕೆಲಸಕ್ಕೆ ಸೇರಿದ ಮೊದಲ ದಿನ ಪೆಟ್ಟಾದರೂ, ದುಡಿಯಲಾಗದ ದಿನಗಳಿಗೆ ಸರಾಸರಿ ಸಂಬಳದ ಶೇ. 90ರಷ್ಟು ಸಿಗುತ್ತದೆ. ಪೆಟ್ಟಾದ ದಿನವೇ ಅಪಘಾತದ ರಿಜಿಸ್ಟರಿನಲ್ಲಿ ಬರೆಸಿ. ಆಸ್ಪತ್ರೆಯ ಚೀಟಿಯಲ್ಲಿ "ಮನೆಯಲ್ಲಿ ಬಿದ್ದದ್ದು" ಅಂತ ಬರೆಸಿ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಕೆಲಸದ ಜಾಗದಲ್ಲಿ ಆದದ್ದು ಅಂತಲೇ ಬರೆಸಿ. ಸೈಟಿನ ಹೆಸರು, ಸಮಯ, ಜೊತೆಗಿದ್ದವರ ಹೆಸರು ಸೇರಿಸಿ. ಆ ಚೀಟಿಯ, ಹಾಜರಿ ಪುಸ್ತಕದ, ಬಿದ್ದ ಜಾಗದ ಫೋಟೊ ತೆಗೆದು ಊರಲ್ಲಿ ಅಕ್ಷರ ಬಲ್ಲ ಒಬ್ಬರ ಮೊಬೈಲಿಗೂ ಕಳಿಸಿಡಿ. ನಾಳೆ ಬೆಳಿಗ್ಗೆ ಠೇಕೇದಾರ ಅಲ್ಲಿ ಅಡ್ಡಹಲಗೆ ಹೊಡೆಸುವ ಮೊದಲು ಆ ಜಾಗದ ಫೋಟೊ ನಿಮ್ಮ ಹತ್ತಿರ ಇರಬೇಕು.